ಎದುರಿನ ಕೈ ಕಾಣುವವರೆಗೆ

ಓದುವ ಎಲ್ಲ ಹಿರಿಯರಿಗೂ ಕಿರಿಯರಿಗೂ ಬೋಳಾರದ ಐತಪ್ಪನ ನಮಸ್ಕಾರ. ನಾನು ಅಕ್ಷರ ಕಲಿತದ್ದು ತಲೆ ನರೆಯಲು ಸುರುವಾದ ಮೇಲೆ, ಹೆಂಚಿನ ಕಾರ್ಖಾನೆಯ ಕೆಲಸಗಾರರಿಗೆಂದು ಸಂಜೆ ನಡೆಯುತ್ತಿದ್ದ ಶಾಲೆಯಲ್ಲಿ. ಒತ್ತಕ್ಷರ ಬೇಕಾದಲ್ಲಿ ಬಿಟ್ಟಿರಬಹುದು, ಬೇಡದಲ್ಲಿ ಹಾಕಿರಬಹುದು. ಮಗಳು ತನ್ನ ಆಫೀಸಿನಲ್ಲಿ ಮೂಲೆಗೆ ಬಿದ್ದಿದ್ದ ಟೈಪ್‌ರೈಟರನ್ನು ಮನೆಗೆ ತಂದಿಟ್ಟಿದ್ದಾಳೆ. ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಕುಟ್ಟುತ್ತಿದ್ದೇನೆ. ಸಾಲು ಮುಗಿಯುವ ಮೊದಲೇ ಎದ್ದು ಅಂಗಳಕ್ಕೆ ಸುತ್ತು ಹಾಕಿ ಬರುತ್ತೇನೆ, ಆದ್ದರಿಂದ ಮಾತು ಅಲ್ಲಲ್ಲಿ ತುಂಡಾದಂತೆ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ಬರೆಯಲು ಕಾರಣ ಇಷ್ಟೇ. ಮೊನ್ನೆ ಮಂಗಳಾದೇವಿ ಗುಡಿಯ ಹೊರಗೆ ಒಬ್ಬ ತಾಯಿ ನನ್ನನ್ನು ಬದಿಗೆ ಕರೆದರು. ಆಚೆ ಈಚೆ ನೋಡಿ, ಸ್ವರ ತಗ್ಗಿಸಿ ಕೇಳಿದರು: "ಅಣ್ಣ, ನಿಮಗೆ ಮೊದಲು ಅದು ಇತ್ತಂತೆ, ಹೌದಾ?"

"ಇತ್ತು. ಈಗಲೂ ಸ್ವಲ್ಪ ಉಂಟು," ಎಂದೆ.

ಅವರು ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟರು. ಮನೆಯಲ್ಲಿ ಮಗ ಇದ್ದಾನಂತೆ. ಅದರ ಹೆಸರು ಹೇಳಲೂ ಅವರಿಗೆ ಆಗಲಿಲ್ಲ. ಅವರಿಗೆ ಗುಡಿಯ ಎದುರು ನಿಂತು ಎಲ್ಲವನ್ನೂ ಹೇಳಲು ನನಗೂ ಆಗಲಿಲ್ಲ, ಕಾಲು ಒಂದೆಡೆ ನಿಲ್ಲಲಿಲ್ಲ. ಹಾಗಾಗಿ ಇಲ್ಲಿ ಹೇಳುತ್ತೇನೆ.

ಎರಡನೆಯ ಮಹಾಯುದ್ಧ ಸುರುವಾಗುವುದಕ್ಕೆ ಸ್ವಲ್ಪ ಮೊದಲಿನ ಮಾತು. ಬೋಳಾರದ ಹೊಳೆಬದಿಯ ಕಾರ್ಖಾನೆಯಲ್ಲಿ ನಾನು ಹೆಂಚು ದಾಟಿಸುವ ಸಾಲಿನಲ್ಲಿದ್ದೆ. ಭಟ್ಟಿಯ ಬಾಗಿಲಿನಿಂದ ಹೊಳೆಯಲ್ಲಿ ನಿಂತ ಮಂಜಿಯವರೆಗೆ (ಸರಕು ಸಾಗಿಸುವ ಹಾಯಿ ಹಡಗನ್ನು ನಾವು ಮಂಜಿ ಎನ್ನುತ್ತಿದ್ದೆವು) ಗಂಡಸರು ಹೆಂಗಸರು ಸಾಲಾಗಿ ನಿಂತು ಹೆಂಚನ್ನು ಕೈಯಿಂದ ಕೈಗೆ ಕೊಡುತ್ತಾ ಹೋಗುವ ಕೆಲಸ. ಹೊಸಬರಿಗೆ ಮೊದಲ ದಿನ ಹೇಳಿಕೊಡುವುದು ಒಂದೇ ಮಾತು: ಎದುರಿನ ಕೈ ಕಾಣುವವರೆಗೆ ನಿನ್ನ ಕೈ ಬಿಡಬೇಡ. ನನ್ನ ಎದುರಿನ ಕೈ ಗುಲಾಬಿಯದು. ಮೊದಲು ಕೈಯ ಪರಿಚಯವಾಯಿತು, ಆಮೇಲೆ ಮುಖದ್ದು, ಆಮೇಲೆ ಮದುವೆ. ಎರಡು ಮಕ್ಕಳೂ ಆದವು.

ಕಾಯಿಲೆ ಬಂದಾಗ ಮೊದಲು ನಿದ್ರೆ ಹೋಯಿತು. ಆಮೇಲೆ ಕಾಲು ನನ್ನ ಮಾತು ಕೇಳುವುದನ್ನು ಬಿಟ್ಟಿತು. ಬಲಗೈಯ ಅಂಗೈಯಲ್ಲಿ ಏನೋ ಇದ್ದ ಹಾಗೆ ಅನ್ನಿಸಲು ಸುರುವಾಯಿತು. ಈಗಷ್ಟೇ ಭಟ್ಟಿಯಿಂದ ತೆಗೆದ ಹೆಂಚಿನಷ್ಟು ಬಿಸಿ, ಅಷ್ಟೇ ಭಾರ. ಅದನ್ನು ಯಾರಿಗೋ ತಲುಪಿಸಬೇಕು. ಬೇಗ ತಲುಪಿಸಬೇಕು. ಇಲ್ಲದಿದ್ದರೆ ಏನೋ ದೊಡ್ಡದು ಕುಸಿದು ಬೀಳುತ್ತದೆ. ಯಾರಿಗೆ, ಎಲ್ಲಿಗೆ ಎಂದು ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ನಿಲ್ಲುವ ಹಾಗಿಲ್ಲ.

ಒಂದು ಬೆಳಿಗ್ಗೆ ಮಂಜಿಗೆ ಹೆಂಚು ತುಂಬುತ್ತಿರುವಾಗ, ಗುಲಾಬಿ ಕೈ ಚಾಚಿ ನಿಂತಿರುವಂತೆಯೇ, ನಾನು ಕೈಯಲ್ಲಿದ್ದ ಹೆಂಚು ಹಿಡಿದುಕೊಂಡು ಸಾಲು ಬಿಟ್ಟು ಹೊರಟೆ.

"ಓ ಐತಪ್ಪ! ಎಂತ ಮಾರಾಯ, ಮಂಜಿ ಆಚೆ ಉಂಟು!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು, ತಮಾಷೆ ಎಂದುಕೊಂಡು. ಗುಲಾಬಿ ನಗಲಿಲ್ಲ. ಅವಳ ಕೈ ಚಾಚಿದ ಹಾಗೆಯೇ ಇತ್ತಂತೆ. ಆಮೇಲೆ ಅವಳೇ ಹೇಳಿದ್ದು.

ಹಂಪನಕಟ್ಟೆ ದಾಟಿ, ಕೊಟ್ಟಾರ ದಾಟಿ, ನನ್ನ ತಾಯಿಯ ಮನೆ ಇರುವ ಕಾವೂರು ದಾಟಿ, ದೋಣಿಯಲ್ಲಿ ಹೊಳೆ ದಾಟಿ ಬಜಪೆಯವರೆಗೆ ನಡೆದೆ. ಅಲ್ಲಿಂದ ತಿರುಗಿ ಬಂದೆ. ಮರುದಿನ ಪುನಃ. ಅದರ ಮರುದಿನವೂ. ಅಂಗಾಲಿನಲ್ಲಿ ಬೊಕ್ಕೆ ಎದ್ದು ಒಡೆದು ಪುನಃ ಎದ್ದಿತು. ದಾರಿಯಲ್ಲಿ ಸಿಕ್ಕವರ ಕೈ ಹಿಡಿದು, "ತೆಗೆದುಕೊಳ್ಳಿ, ಬೇಗ ತೆಗೆದುಕೊಳ್ಳಿ," ಎನ್ನುತ್ತಿದ್ದೆ. ಕೆಲವರು ಕೊಡವಿಕೊಂಡರು, ಕೆಲವರು ಕೊಡೆಯಿಂದ ಹೊಡೆದರು. ನೋವು ಹೊಡೆತದ್ದಲ್ಲ. ಕೈಯಲ್ಲಿದ್ದದ್ದು ಹಾಗೆಯೇ ಉಳಿಯಿತಲ್ಲ, ಅದರದ್ದು.

ಇಲ್ಲಿ ನಮ್ಮ ಕಟ್ಟಿನ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗದು. ನಮ್ಮಲ್ಲಿ ಅಳಿಯಕಟ್ಟು. ಗಂಡಸು ಮದುವೆಯಾದರೂ ತಾಯಿಯ ಕುಟುಂಬದವನೇ. ಅವನ ಯಜಮಾನ ತಾಯಿಯ ಅಣ್ಣ. ಅವನ ಮಕ್ಕಳು ಮಾತ್ರ ಹೆಂಡತಿಯ ಕುಟುಂಬಕ್ಕೆ. ಹೀಗಿರುವಾಗ ಕಾಯಿಲೆಯೂ ಹಾಗೆಯೇ ಪಾಲಾಗುತ್ತದೆ ಎಂದು ಎರಡೂ ಕಡೆಯವರು ಪ್ರಾಮಾಣಿಕವಾಗಿ ನಂಬಿದ್ದರು. ಹುಚ್ಚು ನನ್ನ ತಾಯಿಯ ಕಡೆಗೆ ತಾಗುತ್ತದೆ, ಗುಲಾಬಿಗೂ ಮಕ್ಕಳಿಗೂ ಅದರಲ್ಲಿ ಪಾಲಿಲ್ಲ.

ಅವಳ ಅಕ್ಕ ಬಂದು ಬುದ್ಧಿ ಹೇಳಿದರು. "ಅದು ಅವರ ಕುಟುಂಬದ್ದು. ನಿನ್ನ ಮಕ್ಕಳಿಗೆ ತಾಗುವುದಿಲ್ಲ. ಬಿಟ್ಟು ಬಾ, ಬೇಡ ಹೇಳುವವರು ಯಾರೂ ಇಲ್ಲ. ಒಡೆದ ಮಡಕೆ ಹಿಡ್ಕೊಂಡು ಒಲೆಯ ಹತ್ರ ಕೂತು ಎಂತ ಮಾಡ್ತಿ?"

"ಅನ್ನ ಇನ್ನೂ ಅದರಲ್ಲೇ ಉಂಟಲ್ಲ ಅಕ್ಕ," ಎಂದಳು ಗುಲಾಬಿ.

ನನ್ನ ಸೋದರಮಾವ ದೇಜಪ್ಪ ಮಾಮನಿಗೆ ಬಿಡುವ ದಾರಿ ಇರಲಿಲ್ಲ. ನಾನು ಅವರ ಅಳಿಯ, ತಂಗಿಯ ಮಗ. ಅದೂ ಅಲ್ಲದೆ ನನ್ನ ತಂಗಿಯ ಮಗಳು ಸರಸುವಿಗೆ ಆಗ ಒಂದು ಒಳ್ಳೆಯ ಕಡೆಯಿಂದ ಸಂಬಂಧ ಬಂದಿತ್ತು. ಆ ಮದುವೆ ಮಾಡಿಸುವುದೂ ಅವರದೇ ಹೊಣೆ. ಅವಳ ಸೋದರಮಾವನಾದ ನಾನು ದಾರಿಯಲ್ಲಿ ಸಿಕ್ಕಿದವರ ಕೈ ಹಿಡಿಯುತ್ತಾ ಅಲೆಯುತ್ತಿದ್ದರೆ ಆ ಹುಡುಗಿಯನ್ನು ಯಾರು ಕೇಳುತ್ತಾರೆ? ಮಾಮ ಇಬ್ಬರು ಆಳುಗಳೊಂದಿಗೆ ಬಂದು ನನ್ನನ್ನು ಕಾವೂರಿಗೆ ಒಯ್ದರು. ದನದ ಹಟ್ಟಿಯ ಪಕ್ಕದ ಕೋಣೆಯಲ್ಲಿ ಕಾಲಿಗೆ ಸರಪಳಿ ಬಿತ್ತು.

ನಡೆಯಲೇಬೇಕಾದವನ ಕಾಲಿಗೆ ಸರಪಳಿ ಹಾಕಿದರೆ ಏನಾಗುತ್ತದೆ ಎಂದು ಹೇಗೆ ಹೇಳಲಿ? ಸರಪಳಿ ಬಿಟ್ಟಷ್ಟು ದೂರ ನಡೆದೆ. ಗೋಡೆಯಿಂದ ಬಾಗಿಲಿಗೆ, ಬಾಗಿಲಿನಿಂದ ಗೋಡೆಗೆ. ಸಗಣಿ ಸಾರಿಸಿದ ನೆಲದಲ್ಲಿ ಹಳ್ಳ ಬಿತ್ತು. ಕಣಕಾಲಿನ ಚರ್ಮ ಹೋಯಿತು. ಅಮ್ಮ ಗಂಜಿ ತಂದವರು ತಮ್ಮ ಹಳೆಯ ಸೀರೆ ಹರಿದು ಸರಪಳಿಯ ಕೊಂಡಿಗಳಿಗೆ ಒಂದೊಂದಾಗಿ ಸುತ್ತಿದರು. ಅಣ್ಣನ ಮಾತು ಮೀರುವ ಧೈರ್ಯ ಅವರಿಗೆ ಇರಲಿಲ್ಲ. ಇಷ್ಟನ್ನು ಮಾಡಿದರು. ಸದ್ದು ಸ್ವಲ್ಪ ಕಡಿಮೆಯಾಯಿತು.

ಗುಲಾಬಿ ಹಟ ಹಿಡಿದದ್ದರಿಂದ ಮಾಮ ನನ್ನನ್ನು ಸರಕಾರಿ ಆಸ್ಪತ್ರೆಗೆ ಒಯ್ದರು, ಎತ್ತಿನ ಗಾಡಿಯಲ್ಲಿ ಕಟ್ಟಿ. ಅಲ್ಲಿನ ಉದ್ದದ ಜಗಲಿಯಲ್ಲಿ ಕಾಯಬೇಕು. ಜ್ವರದವರು, ಕೆಮ್ಮಿನವರು, ಕಾಲು ಮುರಿದವರು ಒತ್ತೊತ್ತಾಗಿ ಕುಳಿತಿದ್ದ ಬೆಂಚಿನಲ್ಲಿ, ನಾವು ಹೋದ ಕೂಡಲೇ ಜಾಗ ತಾನಾಗಿ ಖಾಲಿಯಾಯಿತು. ಒಬ್ಬರು ಮಾತ್ರ ಏಳಲಿಲ್ಲ. ಕೊಟ್ಟಾರದ ಮೊಂತಿಬಾಯಿ ಎಂಬ ಕ್ರಿಸ್ತರ ಹೆಂಗಸು. ಮನೆಯಲ್ಲೇ ಬಟ್ಟೆ ಹೊಲಿಯುವವರು. ಅವರ ಪಕ್ಕದಲ್ಲಿ ತಮ್ಮ ಲಾದ್ರು ಕಲ್ಲಿನ ಹಾಗೆ ಕುಳಿತಿದ್ದ. ವರ್ಷಗಳಿಂದ ಅವನು ಮಾತಾಡಿದ್ದಿಲ್ಲ, ತಾನಾಗಿ ಎದ್ದದ್ದಿಲ್ಲ. ಯಾವಾಗಲೋ ಒಮ್ಮೆ ಎದ್ದು ಬಾವಿಯ ಕಡೆಗೆ ಹೋದನಂತೆ. ಅಂದಿನಿಂದ ಅಕ್ಕ ಮನೆಯಲ್ಲಿ ಇಲ್ಲದಾಗ ಅವನನ್ನು ಕಂಬಕ್ಕೆ ಕಟ್ಟಿಯೇ ಇಡುವುದು.

ಮೊಂತಿಬಾಯಿ ನನ್ನ ಓಡಾಟವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಗುಲಾಬಿಗೆ ಹೇಳಿದರು: "ನಿಮ್ಮವರು ನಡೆಯುವವರಾ? ನನ್ನವನು ಕೂತವನು. ಎರಡನ್ನೂ ಕಲಸಿ ಪಾಲು ಮಾಡಿದ್ರೆ ಎರಡು ಒಳ್ಳೇ ಗಂಡಸರು ಸಿಗ್ತಾರೆ ನೋಡಿ."

ಗುಲಾಬಿ ನಕ್ಕಳು. ನಾನು ಕಾಯಿಲೆ ಬಿದ್ದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನಗುತ್ತಲೇ ಅಳಲು ಸುರುಮಾಡಿದಳು. ಮೊಂತಿಬಾಯಿ ಸಮಾಧಾನ ಹೇಳಲಿಲ್ಲ. "ನೀವು ಊಟ ಮಾಡಿದ್ದೀರಾ ಬಾಯೆ?" ಎಂದು ಮಾತ್ರ ಕೇಳಿ, ಬಾಳೆಎಲೆಯ ಕಟ್ಟು ಬಿಚ್ಚಿದರು.

ಡಾಕ್ಟರು ಒಳ್ಳೆಯವರು. ಉಪ್ಪುಪ್ಪಾದ ಒಂದು ಮದ್ದು ಕೊಟ್ಟರು. "ಗುಣ ಆಗ್ಲಿಕ್ಕೂ ಸಾಕು, ಆದರೆ ಸಮಯ ಬೇಕು. ಇಲ್ಲಿ ಇರಿಸಿಕೊಳ್ಳಲಿಕ್ಕೆ ಜಾಗ ಇಲ್ಲ. ಮನೆಯಲ್ಲಿ ನೋಡಿಕೊಳ್ಳಲಿಕ್ಕೆ ಆಗದಿದ್ರೆ ಮ್ಯಾಜಿಸ್ಟ್ರೇಟರ ಹುಕುಂ ತೆಗೆದುಕೊಂಡು ಕಲ್ಲಿಕೋಟೆಯ ಹುಚ್ಚಾಸ್ಪತ್ರೆಗೆ ಕಳಿಸಬೇಕಾಗ್ತದೆ," ಎಂದರು. ಅಲ್ಲಿಗೆ ಹೋಗಿ ಗುಣವಾಗಿ ಬಂದವರೂ ಇದ್ದಾರಂತೆ, ಅದನ್ನು ನಾನು ದೂರುವುದಿಲ್ಲ. ಆದರೆ ಹೋದ ಮೇಲೆ ನೋಡಲು ಬರುವ ಶಕ್ತಿ ನಮ್ಮಂಥವರಿಗೆ ಎಲ್ಲಿತ್ತು? ಮಕ್ಕಳು ಅಪ್ಪನ ಮುಖ ಮರೆಯುತ್ತಿದ್ದರು. ಗುಲಾಬಿಗೆ ಕಲ್ಲಿಕೋಟೆ ಎಂದರೆ ಅಷ್ಟೇ.

ಮದ್ದು ತರುವ ನೆವದಲ್ಲಿ ಅವಳು ಆ ಜಗಲಿಗೆ ಹೋಗುತ್ತಲೇ ಇದ್ದಳು. ಮೊಂತಿಬಾಯಿ ಅವಳಿಗಾಗಿ ಜಾಗ ಹಿಡಿದಿರುತ್ತಿದ್ದರು. ಕ್ರಮೇಣ ಅಂಥದೇ ಮನೆಗಳ ಇನ್ನೂ ಒಬ್ಬಿಬ್ಬರು ಅದೇ ಬೆಂಚಿಗೆ ಬಂದು ಸೇರಿದರು. ನೆಂಟರಿಗೆ ಹೇಳದ ಮಾತು ಅಲ್ಲಿ ಹೇಳುತ್ತಿದ್ದರು. ಯಾರ ಮನೆಯಲ್ಲಿ ಯಾವ ಪಾತ್ರೆ ಒಡೆಯಿತು, ಯಾರು ರಾತ್ರಿ ಮಲಗಲಿಲ್ಲ, ಯಾವ ಮಂತ್ರವಾದಿ ಹೊಡೆದ. ಹೇಳಿ ಕೆಲವೊಮ್ಮೆ ನಗುತ್ತಲೂ ಇದ್ದರು. ಆ ನಗು ನೋಡಿ ಜಗಲಿಯ ಬೇರೆಯವರಿಗೆ ಇವರಿಗೂ ಅದೇ ಕಾಯಿಲೆಯೋ ಎಂದು ಸಂಶಯ ಬಂದಿರಬೇಕು.

ಆ ಬೆಂಚಿನಿಂದ ಎದ್ದವಳೇ ಒಂದು ದಿನ ಗುಲಾಬಿ ಕಾವೂರಿಗೆ ಬಂದಳು. ಮಾಮ ಜಗಲಿಯಲ್ಲಿ ವೀಳ್ಯ ಹಾಕುತ್ತಿದ್ದರು. ಒಳಗಿದ್ದ ನನಗೆ ಎಲ್ಲ ಕೇಳಿಸುತ್ತಿತ್ತು.

"ಮಾಮ, ಇವರ ಸರಪಳಿ ಬಿಚ್ಚಬೇಕು."

"ಬಿಚ್ಚಿದ್ರೆ ಹೊಳೆಗೆ ಬೀಳ್ತಾನೆ. ಯಾರು ಕಾಯ್ಲಿಕ್ಕೆ? ನಿನ್ನ ಕಾರ್ಖಾನೆಯಾ?"

"ಹೌದು ಮಾಮ, ಕಾರ್ಖಾನೆಯವರೇ. ಇವರು ಹೋಗುವ ದಾರಿ ಒಂದೇ. ಆ ದಾರಿಯಲ್ಲಿ ಜನ ನಿಲ್ಲಿಸ್ತೇನೆ. ನಾವು ಮಂಜಿಗೆ ತುಂಬುವ ಹಾಗೆ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ."

"ಮನುಷ್ಯ ಎಂತ ಹೆಂಚಾ?"

"ಹೆಂಚನ್ನೇ ನಾವು ಬೀಳ್ಲಿಕ್ಕೆ ಬಿಡುವುದಿಲ್ಲ ಮಾಮ."

ಮಾಮ ಅಂಗಳಕ್ಕೆ ವೀಳ್ಯ ಉಗಿದ ಸದ್ದು ಕೇಳಿತು. ಕೊನೆಗೆ, "ಸರಸುವಿನ ನಿಶ್ಚಯದವರೆಗೆ ನೋಡುವ. ಒಮ್ಮೆ ಸಾಲು ತಪ್ಪಿದ್ರೆ ಕಲ್ಲಿಕೋಟೆ. ಆಮೇಲೆ ನನ್ನ ಹತ್ರ ಬರಬೇಡ," ಎಂದರು.

ಸರಪಳಿ ಬಿಚ್ಚಿತು, ನಾನು ಬೋಳಾರಕ್ಕೆ ಬಂದೆ. ಸಾಲು ಹೀಗಿತ್ತು. ಬೋಳಾರದಲ್ಲಿ ಕಾರ್ಖಾನೆಯ ಹೆಂಗಸರು. ಹಂಪನಕಟ್ಟೆಯಲ್ಲಿ ಎತ್ತುಗಳಿಗೆ ಹುಲ್ಲು ಮಾರುವ ಒಬ್ಬಾಕೆ. ಕೊಟ್ಟಾರದಲ್ಲಿ ಮೊಂತಿಬಾಯಿ. ಕಾವೂರಿನಲ್ಲಿ ನನ್ನ ಅಮ್ಮ. ಅದರಾಚೆ ಹೊಳೆ ದಾಟುವ ಕಡವಿನಲ್ಲಿ ದೋಣಿಯ ಇದ್ದಿನಬ್ಬ ಬ್ಯಾರಿ. ಗುಲಾಬಿ ಅವರಿಗೆಲ್ಲ ಹೇಳಿಕೊಟ್ಟದ್ದು ಸ್ವಲ್ಪವೇ. ಬುದ್ಧಿ ಹೇಳಬೇಡಿ, ಮನೆಗೆ ಹೋಗು ಎನ್ನಬೇಡಿ, ಹಿಡಿಯಬೇಡಿ. ಅವರು ಬರುವುದು ಕಂಡರೆ ದಾರಿಗೆ ಬಂದು ಅಂಗೈ ಚಾಚಿ. ಮುಂದಿನವರ ಹೆಸರು ಹೇಳಿ. ಬರುವ ಹೊತ್ತಿಗೆ ಬರದಿದ್ದರೆ ಮಾತ್ರ ಆಚೆಯವರಿಗೆ ಸುದ್ದಿ ಮುಟ್ಟಿಸಿ.

ಮೊದಲ ದಿನ ಹುಲ್ಲಿನ ಹೆಂಗಸು ದಾರಿಗೆ ಬಂದು ಕೈ ಚಾಚಿದಾಗ ನನಗೆ ನಂಬಿಕೆ ಬರಲಿಲ್ಲ. ಇಷ್ಟು ಕಾಲ ಎಲ್ಲರೂ ಕೈ ಹಿಂದೆ ಎಳೆದುಕೊಂಡವರೇ. ನನ್ನ ಅಂಗೈಯನ್ನು ಅವರ ಅಂಗೈ ಮೇಲೆ ಇಟ್ಟೆ. "ಸಿಕ್ಕಿತು ಅಣ್ಣ. ಮುಂದೆ ಕೊಟ್ಟಾರದಲ್ಲಿ ಮೊಂತಿಬಾಯಿ ಇದ್ದಾರೆ," ಎಂದರು. ಅಂಗೈಯ ಭಾರ ಇಳಿಯಿತು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಕೈ ಪುನಃ ಭಾರವಾಯಿತು, ನಿಜ. ಆದರೆ ಈಗ ಯಾರಿಗೆ ಕೊಡಬೇಕೆಂದು ಗೊತ್ತಿತ್ತು. ಗೊತ್ತಿರುವುದಕ್ಕೂ ಗೊತ್ತಿಲ್ಲದಿರುವುದಕ್ಕೂ ಎಷ್ಟು ಅಂತರ ಎಂದು ಈ ಕಾಯಿಲೆ ಕಂಡವರಿಗೆ ತಿಳಿದೀತು.

ಇದ್ದಿನಬ್ಬ ಮಾತಿನ ಮಲ್ಲ. "ಓ ಐತಪ್ಪಣ್ಣ, ದೋಣಿಗೆ ಕಾಲಿಟ್ರೆ ಕೂರಬೇಕು. ನಡೆಯುವುದಾದ್ರೆ ಹೊಳೆಯಲ್ಲಿ ನಡೀರಿ, ನಾನು ಹುಟ್ಟು ಹಾಕುವುದು ತಪ್ತದೆ!" ಎನ್ನುತ್ತಿದ್ದರು. ನಾನು ಕೂರುತ್ತಿದ್ದೆ. ಇಡೀ ದಿನದಲ್ಲಿ ನಾನು ಕುಳಿತ ಜಾಗ ಅದೊಂದೇ. ನೀರು ತಾನೇ ಹೋಗುತ್ತಿದ್ದದ್ದರಿಂದ ನಾನು ಹೋಗಬೇಕಾಗಿರಲಿಲ್ಲವೋ ಏನೋ.

ಹೀಗೆ ಒಂದು ಮಳೆಗಾಲ ಕಳೆಯಿತು. ಸರಸುವಿನ ನಿಶ್ಚಯಕ್ಕೆ ದಿನ ನೋಡುತ್ತಿರುವಾಗ ಸಾಲು ತುಂಡಾಯಿತು.

ಮೊಂತಿಬಾಯಿ ಜ್ವರ ಬಂದು ಪ್ರಜ್ಞೆ ಇಲ್ಲದೆ ಮಲಗಿದ್ದರು. ನಾನು ಅವರ ಬೇಲಿಯ ಬಳಿ ಕೈ ಚಾಚಿ ನಿಂತೆ. ಕರೆದೆ. ಒಳಗೆ ಲಾದ್ರು ಕಂಬಕ್ಕೆ ಒರಗಿ ಕುಳಿತದ್ದು ಕಾಣುತ್ತಿತ್ತು. ಅವನು ನನ್ನನ್ನೇ ನೋಡುತ್ತಿದ್ದ, ಏಳಲಿಲ್ಲ. ಅಂಗೈ ಸುಡಲು ಸುರುವಾಯಿತು. ಮುಂದೆ ಅಮ್ಮ ಇದ್ದಾರೆ ಎಂಬುದು ಆ ಗಳಿಗೆಯಲ್ಲಿ ತಲೆಯಿಂದ ಹಾರಿಹೋಯಿತು. ದಾರಿ ಬಿಟ್ಟು ಬಂದರಿನ ಕಡೆ ಓಡಿದೆ. ಯಾವುದೋ ಮಂಡಿಗೆ ನುಗ್ಗಿ ಮೂಟೆ ಹೊರುವವರ ಕೈ ಕೈ ಹಿಡಿದೆನಂತೆ. ಕಳ್ಳನೆಂದು ಹೊಡೆದರು. ಪೋಲೀಸರು ಬಂದರು. ಗುಲಾಬಿ ನನ್ನನ್ನು ಪುನಃ ನೋಡಿದ್ದು ಲಾಕಪ್ಪಿನಲ್ಲಿ.

ಮಾಮನೂ ಬಂದರು. ಸಿಟ್ಟು ಮಾಡಲಿಲ್ಲ. "ಸಾಲು ತಪ್ಪಿತಲ್ಲ," ಎಂದರು ಅಷ್ಟೇ. ಕಲ್ಲಿಕೋಟೆಗೆ ಕಳಿಸಲು ಅರ್ಜಿ ಹಾಕಿದರು.

ಮ್ಯಾಜಿಸ್ಟ್ರೇಟರ ಕಚೇರಿಯಲ್ಲಿ ನಮ್ಮನ್ನು ಕರೆಯುವವರೆಗೆ ನಾನು ಇಬ್ಬರು ಪೋಲೀಸರ ನಡುವೆ ನಿಂತಿದ್ದೆ. ನಿಂತಿದ್ದೆ ಎಂದರೆ, ನಿಂತಲ್ಲೇ ಕಾಲು ಎತ್ತಿ ಇಡುತ್ತಿದ್ದೆ. ಮೊಂತಿಬಾಯಿ ಜ್ವರದಿಂದ ಎದ್ದವರು ಕಂಬಳಿ ಹೊದ್ದು ಬಂದಿದ್ದರು. ಇದ್ದಿನಬ್ಬ ದೋಣಿಯನ್ನು ಇನ್ನೊಬ್ಬರಿಗೆ ಒಪ್ಪಿಸಿ ಬಂದಿದ್ದರು.

ಮ್ಯಾಜಿಸ್ಟ್ರೇಟರು ಹೊರಗಿನ ಊರಿನವರು, ಪುಸ್ತಕದಂಥ ಕನ್ನಡ ಅವರದು. ಗುಲಾಬಿಯನ್ನು ಕೇಳಿದರು: "ಇವರನ್ನು ನಿಮ್ಮ ವಶಕ್ಕೆ ಕೊಡಬೇಕೆಂದು ಕೇಳುತ್ತಿದ್ದೀರಿ. ಆದರೆ ನಿಮ್ಮ ಪದ್ಧತಿಯ ಪ್ರಕಾರ ಇವರ ಯಜಮಾನರು ಈ ಮಾವನವರಲ್ಲವೇ?"

"ಹೌದು ಸ್ವಾಮಿ."

"ಯಜಮಾನರೇ ಆಗದು ಎನ್ನುವಾಗ, ಒಮ್ಮೆ ಅನಾಹುತವೂ ಆಗಿರುವಾಗ, ನಾನು ಯಾವ ಧೈರ್ಯದ ಮೇಲೆ ನಿಮಗೆ ಒಪ್ಪಿಸಲಿ?"

ಗುಲಾಬಿ ತಲೆ ತಗ್ಗಿಸಿದಳು. ಅವಳ ಆ ತಲೆ ನೋಡಿ ನನಗೆ ತಡೆಯಲಾಗಲಿಲ್ಲ. ಪೋಲೀಸರ ನಡುವಿನಿಂದ ನುಸುಳಿ ಹೊರಗಿನ ಜಗಲಿಗೆ ಓಡಿದೆ. "ಹಿಡೀರಿ!" ಎಂದು ಯಾರೋ ಕೂಗಿದರು. ಜಗಲಿಯ ಕೊನೆಯಲ್ಲಿ ಮೊಂತಿಬಾಯಿ ಕಂಬಳಿಯೊಳಗಿಂದ ಕೈ ಚಾಚಿದರು. ಅಂಗೈ ಮುಟ್ಟಿದೆ. "ಸಿಕ್ಕಿತು. ಮುಂದೆ ಬ್ಯಾರಿ ಇದ್ದಾರೆ." ಮೆಟ್ಟಿಲ ಬಳಿ ಇದ್ದಿನಬ್ಬ. "ಸಿಕ್ಕಿತು ಅಣ್ಣ. ಮುಂದೆ..." ಎಂದವರು ನಿಂತುಬಿಟ್ಟರು. ಮುಂದೆ ಕಚೇರಿಯ ಗೇಟು, ಆಚೆ ಇಳಿಜಾರು, ಬಂದರಿನ ದಾರಿ. ಅಲ್ಲಿ ನಮ್ಮವರು ಯಾರೂ ಇರಲಿಲ್ಲ.

ಮಾಮ ಇದ್ದರು. ನನ್ನನ್ನು ಹಿಡಿದು ಹಾಕಲೆಂದೇ ಅಡ್ಡದಾರಿಯಿಂದ ಬಂದು ಗೇಟಿಗೆ ಅಡ್ಡ ನಿಂತಿದ್ದರು, ಎರಡೂ ಕೈ ಚಾಚಿಕೊಂಡು. ಹಿಡಿಯಲು ಚಾಚಿದ ಕೈ ಅದು. ನನಗೆ ಅದು ಹೇಗೆ ಗೊತ್ತಾಗಬೇಕು? ಕೈ ಕಂಡಿತು. ಓಡಿ ಹೋಗಿ ಅವರ ಬಲ ಅಂಗೈ ಮೇಲೆ ನನ್ನ ಅಂಗೈ ಇಟ್ಟೆ.

"ಮಾಮ, ಸಿಕ್ಕಿತಾ?" ಎಂದು ಕೇಳಿದೆ.

ಅವರ ಬೆರಳುಗಳು ನನ್ನ ಮಣಿಕಟ್ಟಿನವರೆಗೆ ಬಂದು ಅಲ್ಲೇ ನಿಂತವು. ಹಿಂದೆ ಪೋಲೀಸರು ಓಡಿ ಬರುವ ಸದ್ದು. ಮಾಮ ನನ್ನ ಮುಖ ನೋಡಿದರು. ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಗದ್ದೆಗೆ ಹೋಗುತ್ತಿದ್ದವರು ಅವರು. ಅಪ್ಪ ನಮ್ಮಲ್ಲಿ ನೆಂಟ, ಮಾಮನೇ ಎಲ್ಲ.

"ಸಿಕ್ಕಿತು ಮಗಾ," ಎಂದರು. ಆಮೇಲೆ, "ಹಿಂದೆ ಹೋಗು. ಗುಲಾಬಿ ಇದ್ದಾಳೆ."

ನಾನು ತಿರುಗಿದೆ. ಜಗಲಿಯ ಮೇಲೆ ಗುಲಾಬಿ ಕೈ ಚಾಚಿ ನಿಂತಿದ್ದಳು. ಪಕ್ಕದಲ್ಲಿ ಕುರ್ಚಿ ಬಿಟ್ಟು ಎದ್ದು ಬಂದ ಮ್ಯಾಜಿಸ್ಟ್ರೇಟರು.

ಮಾಮ ಒಳಗೆ ಬಂದು ಅರ್ಜಿ ಹಿಂದೆ ತೆಗೆದುಕೊಂಡರು. "ಸ್ವಾಮಿ, ಕಾವೂರಿನ ಕೈ ನಾನಾಗ್ತೇನೆ. ಅವಳೊಟ್ಟಿಗೆ ನನ್ನ ಹೆಸರನ್ನೂ ಹೊಣೆಗೆ ಹಾಕಿ," ಎಂದರು. ಡಾಕ್ಟರಿಗೆ ತಪ್ಪದೆ ತೋರಿಸಬೇಕು ಎಂಬ ಮಾತಿನ ಮೇಲೆ ನನ್ನನ್ನು ಬಿಟ್ಟರು. ಸರಸುವಿನ ಆ ಸಂಬಂಧ ಮುರಿದುಹೋಯಿತು. ಮಾಮ ಅದನ್ನು ನನ್ನೆದುರು ಒಮ್ಮೆಯೂ ಎತ್ತಲಿಲ್ಲ. ಸರಸು ಆಮೇಲೆ ಬೇರೆ ಮನೆ ಸೇರಿ ಚೆನ್ನಾಗಿದ್ದಾಳೆ, ಆದರೆ ಆ ವರ್ಷ ಅವಳು ಅತ್ತದ್ದು ಸುಳ್ಳಲ್ಲ.

ಅಲ್ಲಿಗೆ ಗುಣವಾಯಿತು ಎಂದು ತಿಳಿಯಬೇಡಿ. ಮತ್ತೂ ನಡೆದೆ. ಮೊಂತಿಬಾಯಿ ತಾನು ಇನ್ನೊಮ್ಮೆ ಬಿದ್ದರೆ ಏನು ಗತಿ ಎಂದು ಲಾದ್ರುವಿನ ಹಗ್ಗ ಬಿಚ್ಚಿ, ಬೇಲಿಯ ಬಳಿ ಸ್ಟೂಲು ಹಾಕಿ ಕೂರಿಸಿದರು. ಅವನ ಕೈಯನ್ನು ತಾವೇ ಎತ್ತಿ ಹಿಡಿಯುತ್ತಿದ್ದರು. ನಾನು ಆ ಸತ್ತಂಥ ಕೈಯನ್ನು ಮುಟ್ಟಿ ಹೋಗುತ್ತಿದ್ದೆ. ತಿಂಗಳುಗಳ ಮೇಲೆ ಒಂದು ದಿನ, ಮೊಂತಿಬಾಯಿ ಸೂಜಿಗೆ ನೂಲು ಪೋಣಿಸುತ್ತಿರುವಾಗ, ನಾನು ಬರುವುದನ್ನು ಕಂಡು ಆ ಕೈ ತಾನಾಗಿ ಮೇಲೆ ಬಂತು. ಮೊಂತಿಬಾಯಿ ಸೂಜಿ ಕೆಳಗಿಟ್ಟು, "ದೇವಾ," ಎಂದರು. ಅವನು ಮಾತಾಡಲಿಲ್ಲ, ಕೊನೆಯವರೆಗೂ ಇಲ್ಲ. ಆದರೆ ಆಮೇಲೆ ಕೊಟ್ಟಾರದ ಕೈ ಅವನದೇ.

ನನಗೆ ಮೆಲ್ಲ ಮೆಲ್ಲನೆ ನಿದ್ರೆ ಬಂತು. ನಡೆಯುವ ದಾರಿ ಗಿಡ್ಡವಾಯಿತು. ಕಾರ್ಖಾನೆಯಲ್ಲಿ ಪುನಃ ಸಾಲಿಗೆ ಸೇರಿದೆ, ಗುಲಾಬಿಯ ಎದುರಿಗೆ. ಅದು ಆಮೇಲೆಯೂ ಒಮ್ಮೊಮ್ಮೆ ತಿರುಗಿ ಬಂದದ್ದುಂಟು. ಬಂದಾಗ ಜನ ಇದ್ದರು. ಆ ಬೆಂಚಿನವರು ಒಟ್ಟಾಗಿ ಪೋಲೀಸ್ ಇನ್ಸ್‌ಪೆಕ್ಟರ ಬಳಿಗೂ ಹೋದರು. ಇಂಥವರು ದಾರಿಯಲ್ಲಿ ಸಿಕ್ಕರೆ ಲಾಕಪ್ಪಿಗೆ ಹಾಕುವ ಮೊದಲು ನಮಗೊಂದು ಮಾತು ಹೇಳಿ ಎಂದು ಕೇಳಿಕೊಂಡರು. "ನೀವೆಲ್ಲ ಯಾರು? ಎಂತ ಸಂಘವಾ?" ಎಂದರಂತೆ ಅವರು. "ಸಂಘ ಎಲ್ಲ ನಮಗೆ ಗೊತ್ತಿಲ್ಲ ಸ್ವಾಮಿ, ನಾವು ದಾರಿಬದಿಯವರು," ಎಂದರಂತೆ ಮೊಂತಿಬಾಯಿ. ಕೆಲವೊಮ್ಮೆ ಹೇಳಿ ಕಳಿಸಿದರು, ಕೆಲವೊಮ್ಮೆ ಇಲ್ಲ. ಹೇಳಿ ಕಳಿಸಿದಾಗಲೆಲ್ಲ ಯಾರಾದರೂ ಹೋದರು. ನಾನೂ ಹೋದೆ.

ದೇಜಪ್ಪ ಮಾಮನಿಗೆ ಮುದಿಪ್ರಾಯದಲ್ಲಿ ಕಣ್ಣು ಹೋಯಿತು. ನಾನು ಸುಮ್ಮನೆ ಕ್ಷೇಮ ವಿಚಾರಿಸಲು ಕಾವೂರಿಗೆ ಹೋದರೂ, ಹೆಜ್ಜೆ ಸದ್ದು ಕೇಳಿದ ಕೂಡಲೇ ಜಗಲಿಯಿಂದ ಕೈ ಚಾಚುತ್ತಿದ್ದರು. ನನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಆದರೂ ಕೊಡುತ್ತಿದ್ದೆ. "ಸಿಕ್ಕಿತು," ಎನ್ನುತ್ತಿದ್ದರು.

ಓದಿದವರಲ್ಲಿ ಯಾರ ಮನೆಯಲ್ಲಾದರೂ ಇಂಥವರು ಇದ್ದರೆ, ಅಥವಾ ನೀವೇ ಇಂಥವರಾಗಿದ್ದರೆ, ನಿಮ್ಮ ಅನುಭವವನ್ನೂ ಬರೆಯಿರಿ. ಅಕ್ಷರ ತಪ್ಪಿದರೆ ನಾಚಬೇಡಿ, ನನ್ನದಕ್ಕಿಂತ ಹೆಚ್ಚು ತಪ್ಪಲಾರದು. ಹೆಸರು ಬೇಡ. ಯಾವ ದಾರಿಯವರು, ಆ ದಾರಿಯಲ್ಲಿ ಯಾರು ಕೈ ಕೊಟ್ಟರು, ಎಲ್ಲಿ ಕೈ ಇಲ್ಲದೆ ಹೋಯಿತು ಎಂದಷ್ಟು ಬರೆದರೆ ಸಾಕು. ಗುಡಿಯ ಹೊರಗೆ ಅತ್ತ ಆ ತಾಯಿಗೆ ಓದಿ ಹೇಳುತ್ತೇನೆ. ಅವರ ಮಗ ಸಂಜೆ ಹೊತ್ತು ಹೊಳೆಬದಿಗೆ ಬರುತ್ತಾನಂತೆ. ಟೈಪ್‌ರೈಟರಿಗೆ ಬಟ್ಟೆ ಮುಚ್ಚಿ ನಾನು ಈಗ ಅಲ್ಲಿಗೆ ಹೊರಟೆ.